ಒಂದು ಗೆಣ್ಣು ಕಡಿಮೆ

ಬೋರ್ಡನ್ನು ಇಳಿಸಿಕೊಳ್ಳಲು ನಾಲ್ಕು ಜನ ತೋಳು ಮಡಚಿ ಸಾಲಾಗಿ ನಿಂತಿದ್ದರು. ಇಬ್ಬರು ಪಂಪ್ ಆಪರೇಟರುಗಳು, ಒಬ್ಬ ಕಾವಲುಗಾರ, ಮತ್ತೊಬ್ಬ ತನ್ನ ಮನೆಯ ನಲ್ಲಿಯಲ್ಲಿ ನೀರು ಸಣ್ಣಗೆ ಬರುತ್ತದೆಂದು ದೂರು ಕೊಡಲು ಬಂದು ಸುಮ್ಮನೆ ಸಿಕ್ಕಿಹಾಕಿಕೊಂಡವನು. ಹಗ್ಗ ತಂದಿಟ್ಟಿದ್ದರು, ಏಣಿ ಒರಗಿಸಿದ್ದರು, ತೊಟ್ಟಿಯ ಬೇಲಿಯ ಕಂಬಗಳಿಗೆ ಮೊದಲೇ ತೂತು ಕೊರೆದಿದ್ದರು. ಎರಡು ಮೀಟರ್ ಅಗಲ, ಒಂದು ಮೀಟರ್ ಎತ್ತರದ ತಗಡಿನ ಬೋರ್ಡು ಎಂದರೆ ಹುಡುಗಾಟವೇ?

ಪೇಂಟರ್ ಸೈಕಲ್ಲಿನಲ್ಲಿ ಬಂದ. ಹಿಂದೆ ಗಾಡಿಯೇನಾದರೂ ಬರುತ್ತಿದೆಯೋ ಎಂದು ನಾಲ್ವರೂ ರಸ್ತೆ ನೋಡಿದರು. ಅವನು ಸೈಕಲ್ ನಿಲ್ಲಿಸಿ, ಹ್ಯಾಂಡಲ್ಲಿಗೆ ನೇತುಹಾಕಿದ್ದ ಚೀಲದಿಂದ ಮೊದಲು ಊಟದ ಡಬ್ಬಿ ತೆಗೆದು ಪಕ್ಕಕ್ಕಿಟ್ಟ. ಅದರ ಅಡಿಯಿಂದ, ಪೇಪರಿನಲ್ಲಿ ಸುತ್ತಿದ್ದ ಬೋರ್ಡನ್ನು ತೆಗೆದ.

'ಕುಡಿಯುವ ನೀರಿನ ತೊಟ್ಟಿ. ಅನುಮತಿಯಿಲ್ಲದೆ ಯಾರೂ ಒಳಗೆ ಬರಬಾರದು' ಎಂದು ಇರುವೆಯ ಸಾಲಿನಂಥ ಅಕ್ಷರಗಳಲ್ಲಿ ಬರೆದಿತ್ತು. ಅದನ್ನು ಓದಬೇಕಾದರೆ ಒಳಗೇ ಬರಬೇಕಿತ್ತು.

ಪೇಂಟರ್ ಜೇಬಿನಿಂದ ಚೀಟಿ ತೆಗೆದು ತೋರಿಸಿದ. ಅವನ ಕೆಲಸವೆಲ್ಲ ಮಿಲಿಮೀಟರಿನಲ್ಲಿ. ಅಳತೆಯನ್ನು ಹಾಗೆಯೇ ಬರೆದುಕೊಡಿ ಎಂದು ಪಂಪ್‌ಹೌಸಿನ ಗೆಣ್ಣಪ್ಪನನ್ನು ಕೇಳಿದ್ದ. ಚೀಟಿಯಲ್ಲಿ ಗುಂಡಗಿನ ಅಕ್ಷರಗಳಲ್ಲಿ 'ಅಗಲ 200 ಮಿ.ಮೀ., ಎತ್ತರ 100 ಮಿ.ಮೀ.' ಎಂದಿತ್ತು. "ನಂಗೂ ಅನುಮಾನ ಬಂತು," ಎಂದ. "ಆದ್ರೆ ಗೆಣ್ಣಪ್ಪನವರ ಲೆಕ್ಕ ಅಂದ್ಮೇಲೆ ಮತ್ತೆ ಕೇಳೋದು ಹೇಗೆ? ಮೇಜಿನ ಮೇಲೆ ಇಡೋಕಿರಬೇಕು ಅಂದ್ಕೊಂಡೆ."

ದೂರು ಕೊಡಲು ಬಂದವನು ಬೋರ್ಡನ್ನು ಎರಡು ಬೆರಳಿನಲ್ಲಿ ಹಿಡಿದು, ಇದನ್ನು ಎತ್ತಲು ನಾಲ್ವರು ಸಾಕೋ ಇನ್ನೊಬ್ಬನನ್ನು ಕರೆಯಬೇಕೋ ಎಂದು ವಿಚಾರಿಸಿದ. ಅಷ್ಟು ಸಾಕಾಯಿತು. ಕಾವಲುಗಾರ ಏಣಿಯನ್ನು ತಬ್ಬಿಕೊಂಡು ನಕ್ಕ. ಅಲ್ಲೇ ನಿಂತಿದ್ದ ಗೆಣ್ಣಪ್ಪ ಮನೆಯಲ್ಲಿ ಮರೆತು ಬಂದಿದ್ದ ಕನ್ನಡಕದ ಪೆಟ್ಟಿಗೆಯನ್ನು ಶಾಲೆಗೆ ಹೋಗುವ ದಾರಿಯಲ್ಲಿ ಕೊಟ್ಟುಹೋಗಲು ಬಂದಿದ್ದ ಅವನ ಮಗಳೂ ನಕ್ಕಳು. ದಶಮಾನ ಪದ್ಧತಿಯಲ್ಲಿ ಮಾನ ಹೋಗುವುದೂ ಹತ್ತರ ಲೆಕ್ಕದಲ್ಲೇ; ಬೋರ್ಡು ಹತ್ತನೇ ಒಂದು ಪಾಲಾಗಿ ಬಂದಾಗ ಗೆಣ್ಣಪ್ಪನ ಮರ್ಯಾದೆಯ ಒಂಬತ್ತು ಪಾಲು ಅಲ್ಲೇ ಬೇಲಿಯ ಬುಡದಲ್ಲಿ ಬಿತ್ತು. ಅವನು ಎಡಗೈಯನ್ನು ಮೆಲ್ಲಗೆ ಪ್ಯಾಂಟಿನ ಜೇಬಿಗೆ ಇಳಿಸಿದ.

ಮಗಳ ನಗು ಅಲ್ಲಿಗೆ ನಿಂತಿತು.

ಗೆಣ್ಣಪ್ಪ ಅವನ ಹೆಸರಲ್ಲ. ಊರಿಗೆ ನೀರು ಶುದ್ಧ ಮಾಡಿ ಬಿಡುವ ಈ ಪಂಪ್‌ಹೌಸಿಗೆ ಮೂವತ್ತೊಂದು ವರ್ಷದ ಹಿಂದೆ ವಾಲ್ವ್ ತಿರುಗಿಸುವ ಕೆಲಸಕ್ಕೆ ಸೇರಿ, ಈಗ ತೊಟ್ಟಿಗೆ ಬ್ಲೀಚಿಂಗ್ ಪುಡಿ ಹಾಕುವ ಜವಾಬ್ದಾರಿಗೆ ಬಂದಿದ್ದ ಅವನಿಗೆ ಜೊತೆಯವರು ಇಟ್ಟ ಹೆಸರು ಅದು. ಏಕೆಂದರೆ ಅವನು ಎಲ್ಲ ಲೆಕ್ಕವನ್ನೂ ಎಡಗೈ ಬೆರಳಿನ ಗೆಣ್ಣುಗಳ ಮೇಲೆ ಮಾಡುತ್ತಿದ್ದ. ಹೆಬ್ಬೆರಳು ಎಣಿಸುವ ಕಡ್ಡಿ. ಉಳಿದ ನಾಲ್ಕು ಬೆರಳಿಗೆ ತಲಾ ಮೂರು ಗೆಣ್ಣು. ಒಂದು ಗೆಣ್ಣೆಂದರೆ ಒಂದು ಸೊನ್ನೆ, ಒಂದು ಬೆರಳೆಂದರೆ ಮೂರು ಸೊನ್ನೆ. ಕಿಲೋದಿಂದ ಗ್ರಾಮಿಗೆ ಒಂದು ಬೆರಳು, ಗ್ರಾಮಿನಿಂದ ಮಿಲಿಗ್ರಾಮಿಗೆ ಇನ್ನೊಂದು ಬೆರಳು, ಘನ ಮೀಟರಿನಿಂದ ಲೀಟರಿಗೂ ಒಂದೇ ಬೆರಳು. ದೊಡ್ಡದರಿಂದ ಚಿಕ್ಕದಕ್ಕೆ ಹೋದರೆ ಸೊನ್ನೆ ಸೇರಿಸು, ಚಿಕ್ಕದರಿಂದ ದೊಡ್ಡದಕ್ಕೆ ಬಂದರೆ ಸೊನ್ನೆ ಅಳಿಸು. ಇಷ್ಟೇ ಅವನ ಗಣಿತ. ಇಷ್ಟರಲ್ಲೇ ಅವನು ಮನೆಯನ್ನೂ ನಡೆಸುತ್ತಿದ್ದ. ಮಗಳು ಚಿಕ್ಕವಳಿದ್ದಾಗ ನಡೆಯಲಾರೆನೆಂದು ರಚ್ಚೆ ಹಿಡಿದರೆ "ಒಂದೇ ಒಂದು ಕಿಲೋಮೀಟರ್ ಕಣೇ ಪುಟ್ಟಿ" ಎನ್ನುತ್ತಿದ್ದ. ಹೆಂಡತಿ ಅಷ್ಟೇ ದೂರದ ಅಂಗಡಿಗೆ ಹೋಗಿಬನ್ನಿ ಎಂದರೆ "ಹತ್ತು ಲಕ್ಷ ಮಿಲಿಮೀಟರ್ ನಡೀಬೇಕಲ್ಲೇ" ಎಂದು ಚಪ್ಪಲಿ ಹುಡುಕುತ್ತಿದ್ದ.

ಆ ಪುಟ್ಟಿ ಈಗ ಊರಿನ ಶಾಲೆಯಲ್ಲಿ ಐದನೇ ತರಗತಿಯ ಟೀಚರ್. ಅಪ್ಪನ ಗೆಣ್ಣಿನ ಲೆಕ್ಕವನ್ನು ಪ್ರತಿ ವರ್ಷ ಮಕ್ಕಳಿಗೆ ಕಲಿಸುತ್ತಿದ್ದಳು. ಕಲಿಸುವ ಮೊದಲು ಒಂದು ಚಿತ್ರವನ್ನೂ ಬಣ್ಣಿಸುತ್ತಿದ್ದಳು: ಬೆಳಗಿನ ಹೊತ್ತು, ತುಂಬಿದ ತೊಟ್ಟಿ, ಅದರ ಮುಂದೆ ಕಣ್ಣು ಮುಚ್ಚಿ ನಿಂತ ತಂದೆ, ತುಟಿ ಅಲ್ಲಾಡುತ್ತಿದೆ, ಹೆಬ್ಬೆರಳು ಗೆಣ್ಣಿನಿಂದ ಗೆಣ್ಣಿಗೆ ಹತ್ತುತ್ತಿದೆ. ಚಿಕ್ಕಂದಿನಲ್ಲಿ ಅವನ ಜೊತೆ ಪಂಪ್‌ಹೌಸಿಗೆ ಹೋದಾಗಲೆಲ್ಲ ಅವಳು ಕಂಡ ದೃಶ್ಯ ಅದು. "ನಮ್ಮ ತಂದೆ ದಿನಾ ಬೆಳಿಗ್ಗೆ ಇಡೀ ಊರಿನ ನೀರನ್ನ ಬೆರಳ ಮೇಲೆ ಎಣಿಸ್ತಾರೆ" ಎಂದು ಹೇಳುವಾಗ ಅವಳ ದನಿ ಒಂದು ಮಿಲಿಮೀಟರ್ ಮೇಲೇರುತ್ತಿತ್ತು.

ಮೂವತ್ತೊಂದು ವರ್ಷದಲ್ಲಿ ಯಾರೂ ಅವನತ್ತ ಬೆರಳು ತೋರಿಸುವಂತಾಗಿರಲಿಲ್ಲ. ಒಂದೂವರೆ ತಿಂಗಳ ಹಿಂದೆ ವಾಲ್ವ್ ಗುಂಡಿಯ ಕಬ್ಬಿಣದ ಮುಚ್ಚಳ ಜಾರಿ, ತೋರಿಸುವ ಆ ಬೆರಳೇ ಅವನ ಎಡಗೈಯಲ್ಲಿ ಜಜ್ಜಿಹೋಯಿತು. ಡಾಕ್ಟರು ತೋರುಬೆರಳಿನ ತುದಿಯ ಗೆಣ್ಣನ್ನು ತೆಗೆದುಬಿಟ್ಟರು. ಒಂದು ತಿಂಗಳು ರಜೆ, ಬದಲಿಗೆ ಬೇರೆ ಊರಿನಿಂದ ಬಂದ ಒಬ್ಬ. ಹದಿನೈದು ದಿನದ ಹಿಂದೆ ಗೆಣ್ಣಪ್ಪ ಮತ್ತೆ ಕೆಲಸಕ್ಕೆ ಹಾಜರಾಗಿದ್ದ.

ಟೀಚರ್ ಶಾಲೆಯ ದಾರಿಯಲ್ಲಿ ನಡೆಯುತ್ತ ಅದನ್ನೇ ಲೆಕ್ಕ ಹಾಕಿದಳು. ಎರಡು ಮೀಟರಿಗೆ ಮಿಲಿಮೀಟರ್ ಎಷ್ಟು? ಒಂದು ಬೆರಳು. ಮೊದಲ ಬೆರಳು ತೋರುಬೆರಳು. ಅದರಲ್ಲಿ ಮೊದಲು ಮೂರು ಗೆಣ್ಣು, ಎರಡು ಸಾವಿರ. ಈಗ ಎರಡು ಗೆಣ್ಣು, ಇನ್ನೂರು. ಅಪ್ಪ ತಪ್ಪು ಎಣಿಸಿರಲಿಲ್ಲ. ಇದ್ದುದನ್ನೇ ಎಣಿಸಿದ್ದ. ಅಷ್ಟು ವರ್ಷದ ಅಭ್ಯಾಸದ ಹೆಬ್ಬೆರಳು ಕಣ್ಣು ಬಿಟ್ಟು ನೋಡುವುದಿಲ್ಲ. ಬೆರಳು ಮುಗಿಯಿತೆಂದರೆ ಮುಂದಿನ ಬೆರಳಿಗೆ ದಾಟುತ್ತದೆ.

ಹಾಗಾದರೆ ಹದಿನೈದು ದಿನದಿಂದ ತೊಟ್ಟಿಗೆ ಎಷ್ಟು ಪುಡಿ ಬೀಳುತ್ತಿದೆ?

ಅವಳ ಕಾಲು ಅಲ್ಲೇ ನಿಂತಿತು. ಹಿಂದಿನಿಂದ ಬಂದ ಸೈಕಲ್ಲಿನವನು ಬೈದುಕೊಂಡು ಪಕ್ಕಕ್ಕೆ ಸರಿದು ಹೋದ.

ಹಾಜರಿ ಕರೆಯುವಾಗ ಮೂವತ್ತನಾಲ್ಕು ಮಕ್ಕಳಲ್ಲಿ ಒಂಬತ್ತು ಮಕ್ಕಳಿರಲಿಲ್ಲ. ಮೇಜಿನ ಮೇಲೆ ರಜಾಚೀಟಿಗಳಿದ್ದವು. ಅವಳು ಒಂದೊಂದಾಗಿ ಬಿಡಿಸಿದಳು. ಹೊಟ್ಟೆನೋವು. ಹೊಟ್ಟೆನೋವು. 'ನನ್ನ ಮಗನಿಗೆ ತುಂಬಾ ಹೊಟ್ಟೆ ನೋವು ಇರುವುದರಿಂದ.' ಒಂಬತ್ತಕ್ಕೆ ಒಂಬತ್ತೂ ಹೊಟ್ಟೆನೋವು. ಬೇರೆ ದಿನವಾಗಿದ್ದರೆ ಅವಳು ಅಕ್ಷರಗಳನ್ನು ಇನ್ನೊಮ್ಮೆ ನೋಡುತ್ತಿದ್ದಳು. ಇವತ್ತು ಒಂಬತ್ತನ್ನೂ ಮಡಚಿ ಪರ್ಸಿಗೆ ಹಾಕಿಕೊಂಡಳು.

ಆ ದಿನ ಅಳತೆಗಳ ಪರೀಕ್ಷೆ. ಪ್ರಶ್ನೆಪತ್ರಿಕೆ ಹಂಚಿ ಕುಳಿತಳು. ಇಪ್ಪತ್ತೈದು ಎಡಗೈಗಳು ಡೆಸ್ಕಿನ ಮೇಲೆ ಬಂದವು, ಇಪ್ಪತ್ತೈದು ಹೆಬ್ಬೆರಳುಗಳು ಹತ್ತಿ ಇಳಿಯತೊಡಗಿದವು. ಅವಳು ಉಳಿದ ಒಂದು ಪ್ರಶ್ನೆಪತ್ರಿಕೆಯ ಬೆನ್ನಿಗೆ ತನ್ನ ಪರೀಕ್ಷೆ ಬರೆದಳು. ತೊಟ್ಟಿ ಐನೂರು ಘನ ಮೀಟರ್. ಒಂದು ಬೆರಳು ಹತ್ತಿದರೆ ಐದು ಲಕ್ಷ ಲೀಟರ್. ಲೀಟರಿಗೆ ಎಂಟು ಮಿಲಿಗ್ರಾಂ ಪುಡಿ ಎಂದು ಅಪ್ಪ ಎಷ್ಟೋ ಸಲ ಹೇಳಿದ್ದ. ಅಂದರೆ ನಲವತ್ತು ಲಕ್ಷ ಮಿಲಿಗ್ರಾಂ. ಒಂದು ಬೆರಳು ಇಳಿದರೆ ನಾಲ್ಕು ಸಾವಿರ ಗ್ರಾಂ, ಇನ್ನೊಂದು ಇಳಿದರೆ ನಾಲ್ಕು ಕಿಲೋ. ಇದು ಸರಿಯಾದ ಲೆಕ್ಕ.

ಇನ್ನು ಗಿಡ್ಡ ಬೆರಳಿನ ಲೆಕ್ಕ. ಇಳಿಯುವಾಗ ಗಿಡ್ಡ ಬೆರಳು ಬಂದರೆ ಒಂದು ಸೊನ್ನೆ ಅಳಿಸದೆ ಉಳಿಯುತ್ತದೆ: ನಲವತ್ತು ಕಿಲೋ. ಹತ್ತುವಾಗ ಬಂದರೆ ಒಂದು ಸೊನ್ನೆ ಸೇರದೆ ಹೋಗುತ್ತದೆ: ನಾನೂರು ಗ್ರಾಂ. ಮೊದಲನೆಯದಾದರೆ ಊರಿಗೆ ಊರೇ ಬೆಳ್ಳಗಾಗಬೇಕು, ಎರಡನೆಯದಾದರೆ ಊರಿಗೆ ಊರೇ ಹಾಸಿಗೆ ಹಿಡಿಯಬೇಕು. ದಿನಕ್ಕೆ ನಲವತ್ತು ಕಿಲೋ ಎಂದರೆ ಹೆಚ್ಚುಕಡಿಮೆ ಒಂದು ಮೂಟೆ. ಯಾರ ಕಣ್ಣಿಗೂ ಬೀಳದೆ ಮೂಟೆ ಖಾಲಿಯಾಗುವುದಿಲ್ಲ ಎಂದು ಒಂದು ಗಳಿಗೆ ಸಮಾಧಾನವಾಯಿತು. ಮರುಗಳಿಗೆಯೇ ಅದರ ಬೆಲೆ ತಿಳಿಯಿತು. ಉಳಿದದ್ದು ನಾನೂರು ಗ್ರಾಂ. ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಅಪ್ಪ ಮೊದಲು ಎಣಿಸುವುದೂ ತೋರುಬೆರಳನ್ನೇ, ಮೊದಲು ಬರುವುದೂ ಹತ್ತುವ ಲೆಕ್ಕವೇ.

ಪರೀಕ್ಷೆಯ ನಡುವೆಯೇ ಒಬ್ಬಳು ಹುಡುಗಿ ಎದ್ದು ನೀರು ಕುಡಿದು ಬರುತ್ತೇನೆಂದಳು. ಬೇಡವೆಂದು ಟೀಚರ್ ಹೇಳಿದ ರೀತಿಗೆ ಇಡೀ ತರಗತಿ ತಲೆಯೆತ್ತಿತು. ಮನೆಯಿಂದ ತಂದ ಬಾಟಲಿಯದನ್ನು ಕುಡಿ ಎಂದಳು. ಬಾಟಲಿಯಲ್ಲಿರುವುದೂ ಅದೇ ತೊಟ್ಟಿಯ ನೀರೆಂದು ಆಮೇಲೆ ಹೊಳೆದು, ಅದೂ ಬೇಡ ಎಂದಳು. ಆ ಹುಡುಗಿ ಟೀಚರ ಮುಖ ನೋಡಿ, ಬಾಯಾರಿಕೆಯೇ ಇಲ್ಲವೆಂದು ಕುಳಿತುಬಿಟ್ಟಳು.

ಬಿಡುವಿನಲ್ಲಿ ಅವಳು ವರಾಂಡದ ನಲ್ಲಿಯ ನೀರನ್ನು ಅಂಗೈಯಲ್ಲಿ ಹಿಡಿದು ಮೂಸಿದಳು. ವಾಸನೆ ಇದೆ ಎನಿಸಿತು. ಇಲ್ಲ ಎನಿಸಿತು. ಡ್ರಾಯಿಂಗ್ ಮೇಷ್ಟ್ರನ್ನು ಕರೆದು ಮೂಸಲು ಹೇಳಿದಳು. ತನಗೆ ನೆಗಡಿಯಾಗಿ ಮೂರು ದಿನವಾಯಿತೆಂದು ಅವರು ಕ್ಷಮೆ ಕೇಳಿದರು. ಮನೆಗೆ ಫೋನ್ ಮಾಡಿದಳು.

"ಅಮ್ಮ, ನಿನ್ನ ಹೊಟ್ಟೆ ಹೇಗಿದೆ?"

"ಯಾಕೆ, ಏನಾಯ್ತೇ? ಬೆಳಿಗ್ಗೆಯಿಂದ ಒಂಥರಾ ಇದೆ. ರಾತ್ರಿ ಮಿಕ್ಕಿದ್ದನ್ನ ದಂಡ ಆಗಬಾರದು ಅಂತ ತಿಂದೆ, ಅದಕ್ಕೇ ಇರಬೇಕು." ಆಮೇಲೆ ಅಮ್ಮ ತನ್ನ ದೂರಿಗೆ ಬಂದಳು. ಕೆಲಸಕ್ಕೆ ಮತ್ತೆ ಹೋಗಲು ಶುರು ಮಾಡಿದಾಗಿನಿಂದ ಯಜಮಾನರ ಬುದ್ಧಿ ಎಲ್ಲೋ ಇರುತ್ತದೆ. ದಿನಾ ಏನಾದರೂ ಒಂದು ಮರೆತೇ ಬರುತ್ತಾರೆ. ಮೊನ್ನೆ ಬೆಂಕಿಪೊಟ್ಟಣ, ನಿನ್ನೆ ಸೋಪು, ಇವತ್ತು ಕನ್ನಡಕ. "ಮೊದಲು ಹೀಗಿರಲಿಲ್ಲ ಕಣೇ. ಬೆರಳು ಹೋದದ್ದು ಹೋಗ್ಲಿ, ತಲೇಲೂ ಏನಾದ್ರೂ ಹೋಯ್ತಾ ಅಂತ ನಂಗೆ ಭಯ."

ಟೀಚರಿಗೆ ಬೇಕಾದದ್ದು ಧೈರ್ಯ, ಸಿಕ್ಕಿದ್ದು ಸಾಕ್ಷಿ.

ಅಪ್ಪನನ್ನೇ ಕೇಳಬಹುದಿತ್ತು. ಆದರೆ ಬೆಳಿಗ್ಗೆ ಜೇಬಿಗೆ ಇಳಿದ ಆ ಕೈ ಅವಳ ಕಣ್ಣ ಮುಂದಿತ್ತು, ತಾನೂ ನಕ್ಕದ್ದು ಕಿವಿಯಲ್ಲಿತ್ತು. ಕೇಳಿದರೆ ಅವನು "ಸರಿಯಾಗೇ ಹಾಕ್ತಿದ್ದೀನಿ" ಎನ್ನುತ್ತಾನೆ. ಬೋರ್ಡಿನ ಅಳತೆಯನ್ನೂ ಅವನು ಸರಿಯೆಂದೇ ಬರೆದುಕೊಟ್ಟಿದ್ದ. ಪಂಪ್‌ಹೌಸಿನ ಇಂಜಿನಿಯರಿಗೆ ಹೇಳಿದರೆ ನೀರು ಪರೀಕ್ಷೆಯಾಗುತ್ತದೆ, ಜೊತೆಗೆ ಅಪ್ಪನ ಪರೀಕ್ಷೆಯೂ ಆಗುತ್ತದೆ. ಮೂವತ್ತೊಂದು ವರ್ಷದ ಮನುಷ್ಯನನ್ನು ಮಗಳೇ ಹಿಡಿದುಕೊಟ್ಟಳು ಎಂದಾಗುತ್ತದೆ. ಹೇಳದಿದ್ದರೆ? ಒಂಬತ್ತು ಚೀಟಿಗಳು ಪರ್ಸಿನಲ್ಲಿದ್ದವು. ನಾಳೆ ಎಷ್ಟಾಗುತ್ತವೋ. ಹೆಡ್ಮಿಸ್ ಕೋಣೆಗೆ ಹೋಗಿ ಅರ್ಧ ದಿನ ರಜೆ ಕೇಳಿದಳು. ಕಾರಣವೇನೆಂದಾಗ ಬೇರೇನೂ ಹೊಳೆಯದೆ ಹೊಟ್ಟೆನೋವು ಎಂದಳು.

ಪಂಪ್‌ಹೌಸಿನ ಹಿಂದಿನ ಬಯಲಿನಲ್ಲಿ ಚೆಂಡಾಟ ನಡೆದಿತ್ತು. ಅವಳು ತಿರುವಿನಲ್ಲಿ ಕಾಣಿಸಿಕೊಂಡ ಕೂಡಲೇ ಮೂವರು ಆಟಗಾರರು ಚೆಂಡನ್ನು ಬಿಟ್ಟು ಗೋಡೆ ಹಾರಿ ಮಾಯವಾದರು. ಮೂವರೂ ಅವಳ ಹೊಟ್ಟೆನೋವಿನ ರೋಗಿಗಳೇ. ಪರೀಕ್ಷೆಯ ದಿನ ಮಕ್ಕಳಿಗೆ ಬರುವ ಹೊಟ್ಟೆನೋವು ಯಾವುದೆಂದು ಹನ್ನೊಂದು ವರ್ಷ ಪಾಠ ಮಾಡಿದವಳಿಗೆ ಗೊತ್ತಿರಬೇಕಾಗಿತ್ತು. ಗೊತ್ತಾಯಿತು ಕೂಡ. ಆದರೆ ಎದೆಯೊಳಗಿದ್ದ ಇನ್ನೊಬ್ಬ ಟೀಚರ್ ತಕ್ಷಣ ಕಳೆಯುವ ಲೆಕ್ಕ ಮಾಡಿದಳು. ಒಂಬತ್ತರಲ್ಲಿ ಮೂರು ಕಳೆದರೆ ಆರು. ಆ ಆರು ಮಕ್ಕಳು ಎಲ್ಲಿ?

ಇಂಜಿನಿಯರ್ ಇನ್ನೂ ಮೂವತ್ತು ದಾಟದ ಹೆಂಗಸು, ಕಡತಗಳ ನಡುವೆ ಕುಳಿತಿದ್ದಳು. ಟೀಚರ್ ಮೊದಲು ಬೋರ್ಡಿನ ಕಥೆ ಹೇಳಿದಳು. ಇಂಜಿನಿಯರ್ ಆಗಲೇ ಕೇಳಿದ್ದಳು, ನಕ್ಕಳು. ಆಮೇಲೆ ಬೆರಳಿನ ಕಥೆ. ನಗು ಸಣ್ಣದಾಯಿತು. ಆಮೇಲೆ ತೊಟ್ಟಿಯ ಕಥೆ. ಇಂಜಿನಿಯರ್ ಕುರ್ಚಿಯಿಂದ ಎದ್ದಳು. ನೀರು ನೋಡುವ ಮಾತ್ರೆಗಳು ತಿಂಗಳ ಹಿಂದೆಯೇ ಮುಗಿದಿದ್ದವು, ಹೊಸ ಡಬ್ಬ ನಿನ್ನೆಯಷ್ಟೇ ಬಂದಿದೆ, ಇನ್ನೂ ಒಡೆದಿಲ್ಲ ಎಂದು ನೆಲ ನೋಡಿಕೊಂಡು ಹೇಳಿದಳು. ಅಲ್ಲಿಗೆ ಆ ಕೋಣೆಯಲ್ಲಿ ಹೆದರಿದವರು ಇಬ್ಬರಾದರು.

ಅಪ್ಪ ತೊಟ್ಟಿಯ ಪಕ್ಕದ ನಲ್ಲಿಯ ಬಳಿ ಸೋರಿಕೆ ತಡೆಯುವ ರಬ್ಬರ್ ಗ್ಯಾಸ್ಕೆಟ್ ಬದಲಾಯಿಸುತ್ತಿದ್ದ. ಮೇಡಂ ಜೊತೆ ಮಗಳನ್ನು ಕಂಡು ಕೈ ಒರೆಸಿಕೊಂಡು ಎದ್ದ. ಇಂಜಿನಿಯರ್ ಗಾಜಿನ ಸಣ್ಣ ಕೊಳವೆಗೆ ನೀರು ಹಿಡಿದು ಮಾತ್ರೆ ಹಾಕಿದಳು. ನೀರಿನಲ್ಲಿ ಪುಡಿಯ ಅಂಶ ಸಾಕಷ್ಟಿದ್ದರೆ ಗುಲಾಬಿ ಬಣ್ಣ ಬರಬೇಕು, ಇಲ್ಲದಿದ್ದರೆ ಬಣ್ಣವೇ ಬರುವುದಿಲ್ಲ. ಮಾತ್ರೆ ತಳಕ್ಕೆ ಹೋಗಿ ಕುಳಿತಿತು. ಕರಗುವ ಸೂಚನೆ ಕಾಣಲಿಲ್ಲ. ಅಪ್ಪ ಕೊಳವೆಯನ್ನು ನೋಡಲಿಲ್ಲ. ಮಗಳನ್ನು ನೋಡಿದ.

"ನೀನು ಹೇಳಿದ್ಯಾ?"

ಅವಳು ಹೌದೆಂದು ತಲೆಯಾಡಿಸಿದಳು.

"ಬೋರ್ಡಿನಿಂದ?"

ಮತ್ತೆ ತಲೆಯಾಡಿಸಿದಳು. ಅವನ ಎಡಗೈ ಜೇಬಿನ ಕಡೆ ಹೊರಟು, ಅರ್ಧದಲ್ಲಿ ನಿಂತು, ಹಾಗೆಯೇ ಪಕ್ಕದಲ್ಲಿ ಇಳಿಬಿತ್ತು. ನಾಲ್ಕಡಿ ದೂರದಲ್ಲಿ ಒಂದು ಪಂಪು ಗುರುಗುಡುತ್ತಿತ್ತು. ಇಂಜಿನಿಯರ್ ಕೊಳವೆಯನ್ನು ಅಲ್ಲಾಡಿಸಿದಳು. ತಳದಲ್ಲಿ ಒಂದು ಎಳೆ ಬಣ್ಣ ಬಿಚ್ಚಿಕೊಂಡಿತು, ಹೊಗೆಯಂತೆ ಮೇಲೇರಿತು, ನೋಡನೋಡುತ್ತ ಕೊಳವೆಯೆಲ್ಲ ಮಗುವಿನ ಉಗುರಿನ ಬಣ್ಣಕ್ಕೆ ತಿರುಗಿತು. ಅವಳು ಅದನ್ನು ಬಣ್ಣದ ಚೀಟಿಯ ಪಕ್ಕ ಹಿಡಿದಳು. ಎಷ್ಟಿರಬೇಕೋ ಅಷ್ಟೇ. ಕೂದಲೆಳೆಯಷ್ಟೂ ಆಚೀಚೆ ಇಲ್ಲ.

ಟೀಚರ್ ಅಲ್ಲೇ ಇದ್ದ ಪೈಪಿನ ಮೇಲೆ ಕುಳಿತುಬಿಟ್ಟಳು.

ಇಂಜಿನಿಯರಿಗೆ ಮಾತ್ರ ಕುತೂಹಲ. "ಯಜಮಾನ್ರೇ, ಬೆರಳಲ್ಲಿ ಒಂದು ಗೆಣ್ಣಿಲ್ಲ, ಬೋರ್ಡು ಹತ್ತರಲ್ಲಿ ಒಂದಾಗಿ ಬಂತು. ಇದು ಮಾತ್ರ ತಪ್ಪಲಿಲ್ಲವಲ್ಲ. ಈ ಲೆಕ್ಕ ಹೇಗೆ ಮಾಡಿದ್ರಿ?"

ಅಪ್ಪ ಪುಡಿ ಕೋಣೆಗೆ ಹೋಗಿ ಒಂದು ಹಳೆಯ ಪ್ಲಾಸ್ಟಿಕ್ ಡಬ್ಬ ತಂದು ಮುಂದಿಟ್ಟ. ಹಸಿರು ಬಣ್ಣ ಮಾಸಿ ಬಿಳಿಚಿಕೊಂಡಿತ್ತು. ಕತ್ತಿನ ಕೆಳಗೆ ಬಿಸಿ ಮೊಳೆಯಲ್ಲಿ ಸುಟ್ಟು ಎಳೆದ ಒಂದು ಗೆರೆ.

"ಮಾಡಿದ್ದು ಒಂದೇ ಸಲ," ಎಂದ. "ಈ ಜವಾಬ್ದಾರಿ ಕೊಟ್ಟ ದಿನ. ಗೆಣ್ಣಲ್ಲಿ ಮೂರು ಸಲ, ಪೇಪರಲ್ಲಿ ಮೂರು ಸಲ. ಭಯ ಇತ್ತು ಮೇಡಂ. ಊರು ತುಂಬ ಜನ, ಒಂದು ಸೊನ್ನೆ ಹೆಚ್ಚುಕಡಿಮೆ ಆದ್ರೆ ಏನು ಗತಿ? ರಾತ್ರಿಯೆಲ್ಲ ನಿದ್ದೆ ಇಲ್ಲ. ಮಾರನೇ ದಿನ ನಾಲ್ಕು ಕಿಲೋ ತೂಗಿ ಇದಕ್ಕೆ ಸುರಿದೆ, ಗೆರೆ ಎಳೆದೆ. ಆವತ್ತಿಂದ ಗೆರೆ ಮುಟ್ಟೋವರೆಗೂ ತುಂಬೋದು, ಹಾಕೋದು. ಇದರ ಮೇಲೆ ಲೆಕ್ಕ ಯಾಕೆ?"

ಇಂಜಿನಿಯರ್ ಡಬ್ಬವನ್ನು ತಿರುಗಿಸಿ ನೋಡಿದಳು, ಕೊಳವೆ ತೊಳೆದುಕೊಂಡು ಕೋಣೆಗೆ ನಡೆದಳು. ಹೋಗುವಾಗ ದೊಡ್ಡ ಬೋರ್ಡಿನ ಅಳತೆಯನ್ನು ಈ ಸಲ ತಾನೇ ಬರೆದುಕೊಡುವುದಾಗಿ ಹೇಳಿದಳು. ಚಿಕ್ಕ ಬೋರ್ಡನ್ನು ಕಾವಲುಗಾರ ಆಗಲೇ ತನ್ನ ಕುರ್ಚಿಯ ಬೆನ್ನಿಗೆ ತಗುಲಿಸಿಕೊಂಡಿದ್ದ.

ತಂದೆ ಮಗಳು ಇಬ್ಬರೇ ಉಳಿದರು. ಅವಳು ತಪ್ಪಾಯಿತು ಎಂದಳು. ಅವನು ಗ್ಯಾಸ್ಕೆಟನ್ನು ಕೈಯಲ್ಲಿ ತಿರುಗಿಸುತ್ತ, ಹೇಳದೆ ಇದ್ದಿದ್ದರೆ ಅದು ತಪ್ಪಾಗುತ್ತಿತ್ತು ಎಂದ. ನೀರಿನ ವಿಷಯದಲ್ಲಿ ಅಪ್ಪ ಮಗಳು ಅಂತ ನೋಡಬಾರದು ಎಂದೂ ಹೇಳಿದ. ಮುಖದಲ್ಲಿ ಬೇಸರವಿತ್ತು, ಆದರೆ ಅದು ಅವಳ ಮೇಲಿನದಾಗಿರಲಿಲ್ಲ, ಬೋರ್ಡಿನ ಮೇಲಿನದಿರಬೇಕು. ಅವಳಿಗೆ ಅಷ್ಟು ಸಾಕಾಗಿತ್ತು. ಆದರೂ ಒಂದು ಮುಳ್ಳು ಒಳಗೇ ಉಳಿದಿತ್ತು. ಹನ್ನೊಂದು ವರ್ಷದಿಂದ ತರಗತಿಯಲ್ಲಿ ಹೇಳುತ್ತ ಬಂದ ಆ ಚಿತ್ರ. ಅದು ಅವಳು ಕಣ್ಣಾರೆ ಕಂಡದ್ದು, ನಾಳೆ ಮತ್ತೆ ಮಕ್ಕಳಿಗೆ ಹೇಳಬೇಕಾದದ್ದು.

"ಅಪ್ಪ, ಹಾಗಾದ್ರೆ ದಿನಾ ಬೆಳಿಗ್ಗೆ ತೊಟ್ಟಿ ಮುಂದೆ ನಿಂತು, ಕಣ್ಣು ಮುಚ್ಕೊಂಡು, ಒಂದೊಂದೇ ಗೆಣ್ಣು ಎಣಿಸ್ತಿದ್ಯಲ್ಲ. ಅದೇನು?"

"ಅದಾ?" ಅಪ್ಪ ಎಡಗೈ ಎತ್ತಿ, ಇಲ್ಲದ ಗೆಣ್ಣಿನ ಜಾಗವನ್ನು ಒಮ್ಮೆ ಸವರಿಕೊಂಡ. "ಬರುವಾಗ ತಗೊಂಡ್ಬನ್ನಿ ಅಂತ ನಿಮ್ಮಮ್ಮ ಹೇಳಿ ಕಳಿಸಿದ ಸಾಮಾನು. ದಿನಾ ಹನ್ನೆರಡು ಹೇಳ್ತಾಳೆ. ಈಗ ಹನ್ನೊಂದಕ್ಕೇ ಕೈ ಮುಗಿದುಹೋಗುತ್ತೆ."